ಅಕ್ಕ ಕಳಿಸುವ ಟೈರು

ನ್ಯಾಮತಿ
9 ಜೂನ್ 2024

ಹೇಮಾ,

ಟೈರು ಎರಡೂ ಬಂದಿವೆ. ಇವತ್ತು ದಾವಣಗೆರೆ ಬಸ್ಸಿಗೆ ಹಾಕಿಸುತ್ತಿದ್ದೇನೆ. ಕಂಡಕ್ಟರ್ ಮಲ್ಲೇಶಪ್ಪನವರು ಅಲ್ಲಿಂದ ಜಗಳೂರು ಬಸ್ಸಿಗೆ ದಾಟಿಸುತ್ತೇನೆ ಎಂದಿದ್ದಾರೆ. ಹಿಂದಿನ ಚಕ್ರದ ಟೈರಿನೊಳಗೆ ಈ ಕಾಗದ ಇಟ್ಟಿದ್ದೇನೆ. ಅಕ್ಕನಿಗೆ ಇದೇನು ಹುಚ್ಚು, ಈ ಕಾಲದಲ್ಲಿ ಕಾಗದ ಬರೆಯುತ್ತಾಳೆ ಎಂದು ನಗಬೇಡ. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೇ ಜಗಳಕ್ಕೆ ನಿಲ್ಲುತ್ತೇವೆ. ಜಗಳವಾಗದ ದಿನ ಅಪ್ಪಾಜಿ ನನ್ನಿಂದ ಫೋನ್ ಇಸಿದುಕೊಂಡು, "ಹೇಮಾ, ಗಾಡಿ ಹೆಂಗೈತೆ?" ಎನ್ನುತ್ತಾ ಅಂಗಡಿಯಿಂದಾಚೆ ಹೋಗಿಬಿಡುತ್ತಾರೆ. ಕಾಗದದಲ್ಲಾದರೆ ಹೇಳಬೇಕಾದ್ದನ್ನು ಪೂರ್ತಿ ಹೇಳಬಹುದು.

ಟ್ರ್ಯಾಕಿನಲ್ಲಿ ಬೈಕು ಓಡಿಸಲು ನೀನು ಕೇಳಿದ್ದು ಸ್ಲಿಕ್ ಟೈರು. ಕಳಿಸಿರುವುದು ಅದಲ್ಲ. ಸಿಟ್ಟಾಗುವ ಮೊದಲು ಓದು. ಗೀರೇ ಇಲ್ಲದ ಆ ನುಣ್ಣನೆಯ ಟೈರು ಚೆನ್ನಾಗಿ ಕಾದರೆ ಮಾತ್ರ ನೆಲಕ್ಕೆ ಅಂಟುತ್ತದೆ. ಅದಕ್ಕೆ ಕರೆಂಟಿನ ಕಂಬಳಿ ಹೊದಿಸಿ ಕಾಯಿಸಬೇಕು. ನಿನ್ನ ಮುನ್ನೂರು ಸಿಸಿಯ ಹಗುರ ಬೈಕು ತಾನಾಗಿ ಅದನ್ನು ಕಾಯಿಸುವಷ್ಟರಲ್ಲಿ ನಿನ್ನ ಸರದಿ ಮುಗಿದಿರುತ್ತದೆ, ಇಲ್ಲವೇ ನೀನು ಬಿದ್ದಿರುತ್ತೀಯ. ಮೇಲಾಗಿ ಅದನ್ನು ಊರ ರಸ್ತೆಯಲ್ಲಿ ಓಡಿಸುವಂತಿಲ್ಲ. ನಿನಗಿರುವುದು ಒಂದೇ ಬೈಕು. ವಾರವಿಡೀ ಅದರಲ್ಲೇ ಆಸ್ಪತ್ರೆಯ ಲ್ಯಾಬಿಗೆ ಹೋಗಬೇಕು. ಅದಕ್ಕೇ ನಡುವೆ ಗಟ್ಟಿ, ಎರಡೂ ಅಂಚಿಗೆ ಮೆದು ರಬ್ಬರ್ ಇರುವ ಜೋಡಿ ಆರಿಸಿದೆ. ನೆಟ್ಟಗೆ ಹೋಗುವಾಗ ಗಟ್ಟಿ ಭಾಗ ಭಾರ ಹೊರುತ್ತದೆ, ತಿರುವಿನಲ್ಲಿ ಬೈಕು ಬಾಗಿದಾಗ ಮೆದು ಭಾಗ ಹಿಡಿದುಕೊಳ್ಳುತ್ತದೆ. ಹೊಸ ಟೈರಿನ ಮೈಮೇಲೆ ಜಾರುವ ಜಿಡ್ಡಿರುತ್ತದೆ. ಟ್ರ್ಯಾಕಿಗೆ ಹೋಗುವ ಮೊದಲು ಒಂದು ವಾರ ಊರಲ್ಲೇ ನಿಧಾನವಾಗಿ ಓಡಿಸಿ ಅದನ್ನು ಕಳೆ.

ಅಪ್ಪಾಜಿಗೆ ನನ್ನ ಆಯ್ಕೆ ಹಿಡಿಸಲಿಲ್ಲ. "ಅವಳು ಕೇಳಿದ್ದು ತರಿಸಿ ಕೊಡು ಮಾರಾಯ್ತಿ, ನಿನ್ನ ಬುದ್ಧಿವಾದ ಯಾಕೆ?" ಎಂದರು. ಅಂಗಡಿಗೆ ಬಂದ ಲಾರಿಯವರಿಗೆ, ಟ್ರ್ಯಾಕ್ಟರಿನವರಿಗೆ ಟೈರು ಆರಿಸಿಕೊಡುವಾಗ ನನ್ನ ಬುದ್ಧಿವಾದ ಬೇಕು. ನಿನ್ನ ವಿಷಯಕ್ಕೆ ಬೇಡ. ನೀನು ಹೊಸ ಹೆಲ್ಮೆಟ್ ಹಿಡಿದು ನಿಂತ ಫೋಟೊವನ್ನು ಶಿವಮೊಗ್ಗದಲ್ಲಿ ದೊಡ್ಡದು ಮಾಡಿಸಿ ಅಂಗಡಿಯ ದುಡ್ಡಿನ ಗಲ್ಲದ ಮೇಲೆ ತೂಗು ಹಾಕಿದ್ದಾರೆ. ಚೆನ್ನಾಗಿ ಬಂದಿದೆ.

ಅಕ್ಕ
ವಾಣಿಶ್ರೀ


ಜಗಳೂರು
30 ಜೂನ್ 2024

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಓದಿ ನಕ್ಕೆ, ಆಮೇಲೆ ಸಿಟ್ಟಾದೆ, ಆಮೇಲೆ ಟೈರು ಹಾಕಿಸಿದೆ. ನೀನು ಹೇಳಿದ್ದೇ ಸರಿ.

ಹೋದ ಶನಿವಾರ ಕೊಯಮತ್ತೂರಿನ ಹತ್ತಿರದ ಟ್ರ್ಯಾಕಿಗೆ ಹೋಗಿಬಂದೆವು. ಹೊನ್ನಾಳಿಯ ಸಂಘಮಿತ್ರಾ ಅಂತ ಹೇಳಿದ್ದೆನಲ್ಲ, ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದಾಳೆ, ಅವಳ ಅಣ್ಣನ ಪಿಕಪ್ ಗಾಡಿಯಲ್ಲಿ ಎರಡೂ ಬೈಕು ಹಗ್ಗ ಕಟ್ಟಿ ಒಯ್ದೆವು. ಟ್ರ್ಯಾಕ್ ಡೇ ಅಂದರೆ ನೀನು ತಿಳಿದಂತೆ ರೇಸಲ್ಲ ಅಕ್ಕಾ. ಗೆಲ್ಲುವುದು ಸೋಲುವುದು ಇಲ್ಲ. ನಮ್ಮ ನಮ್ಮ ಬೈಕು ತಂದು, ಸರದಿ ಪ್ರಕಾರ ಒಳಗೆ ಹೋಗಿ, ಎದುರಿಗೆ ದನ ಎಮ್ಮೆ ಬಸ್ಸು ಯಾವುದೂ ಬಾರದ ರಸ್ತೆಯಲ್ಲಿ ಮನಸಾರೆ ಓಡಿಸುವುದು. ಹಾಗಂತ ಯಾರೂ ಪಕ್ಕದವರನ್ನು ನೋಡದೆ ಓಡಿಸುವುದಿಲ್ಲ!

ಮೊದಲ ಸಲ ಊರಲ್ಲಿ ಹಾಕಿಸಿಕೊಂಡ ಗಾಳಿಯಲ್ಲೇ ಹೋದೆ. ನಾಲ್ಕೈದು ಸುತ್ತಿಗೆ ಹಿಂದಿನ ಚಕ್ರ ಸೋಪಿನ ಮೇಲೆ ಇದ್ದಂತಾಯಿತು. ಮಿತ್ರಕ್ಕ ಕೂಡಲೇ ಗೇಜ್ ತಂದು ನೋಡಿದಳು. ಟೈರು ಕಾದಾಗ ಒಳಗಿನ ಗಾಳಿ ಹಿಗ್ಗುತ್ತದಂತೆ, ಅದಕ್ಕೆ ತಣ್ಣಗಿರುವಾಗ ಕಡಿಮೆ ತುಂಬಿಕೊಂಡು ಹೋಗಬೇಕು, ಓಡಿಸಿ ಬಂದ ತಕ್ಷಣ ಬಿಸಿಯಲ್ಲೇ ಅಳೆದು ಸರಿ ಮಾಡಬೇಕು. ಅವಳು ಗಾಳಿ ಇಳಿಸಿದ ಮೇಲೆ ಬೈಕು ಬೇರೆಯದೇ ಆಯಿತು. ಹಿಂದಿನ ಸ್ಪ್ರಿಂಗನ್ನೂ ನನ್ನ ತೂಕಕ್ಕೆ ತಕ್ಕಂತೆ ತಿರುಗಿಸಿಕೊಟ್ಟಳು. ಎಲ್ಲ ಬಲ್ಲಳು ಮಿತ್ರಕ್ಕ. ಅವಳ ಜೊತೆ ಇದ್ದರೆ ನನಗೆ ಭಯವೇ ಇಲ್ಲ.

ಮುಂದಿನ ಸಲ ಅಪ್ಪಾಜಿಯನ್ನು ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಫೋನಿನಲ್ಲಿ ಹೇಳಿದ್ದಕ್ಕೆ ಚಿಕ್ಕ ಹುಡುಗನ ಹಾಗೆ ಕುಣಿದರು. ಟೈರಿನ ಫೋಟೊ ನಿನ್ನ ಮೊಬೈಲಿಗೆ ಹಾಕಿದ್ದೇನೆ, ನೋಡು.

ನಿನ್ನ
ಹೇಮಾ


ಸವಳಂಗ
14 ಜುಲೈ 2024

ಹೇಮಾ,

ಫೋಟೊ ನೋಡಿದೆ. ಅಂಗಡಿಯಲ್ಲಿ ನೋಡಲು ಬಿಡುವಾಗದೆ ಮನೆಗೆ ಬಂದು ದೊಡ್ಡದು ಮಾಡಿಕೊಂಡು ನೋಡಿದೆ.

ಮುಂದಿನ ಟೈರಿನ ಬಲಗಡೆ ಅಂಚಿನ ತನಕ ಉಜ್ಜಿದೆ. ಎಡಗಡೆ ಬೆರಳಗಲದ ಹೊಸ ರಬ್ಬರ್ ಮುಟ್ಟದೆ ಹಾಗೇ ಹೊಳೆಯುತ್ತಿದೆ. ಆ ಟ್ರ್ಯಾಕಿನಲ್ಲಿ ಎಡಕ್ಕೂ ತಿರುವುಗಳಿವೆ ಎಂದು ನೀನೇ ನಕ್ಷೆ ಕಳಿಸಿದ್ದೆ. ನಿನಗೆ ಎಡ ತಿರುವೆಂದರೆ ಹೆದರಿಕೆ. ಬೈಕನ್ನು ಬಾಗಿಸದೆ, ಹ್ಯಾಂಡಲ್ ತಿರುಗಿಸಿ ದಾಟಿಕೊಳ್ಳುತ್ತಿದ್ದೀಯ. ಹಿಂದಿನ ಟೈರಿನ ಬಲ ಅಂಚಿನಲ್ಲಿ ರಬ್ಬರ್ ಉಂಡೆಯುಂಡೆಯಾಗಿ ಎದ್ದಿದೆ. ಎಡದಲ್ಲಿ ಕಳೆದ ಹೊತ್ತನ್ನು ಬಲ ತಿರುವಿನಲ್ಲಿ ವಸೂಲು ಮಾಡಲು ಬೇಗ ಎಕ್ಸಲರೇಟರ್ ತಿರುವುತ್ತೀಯ. ಎಲ್ಲ ಬಲ್ಲ ಮಿತ್ರಕ್ಕ ಇದನ್ನು ಹೇಳಲಿಲ್ಲವೇ?

ಮಿತ್ರಕ್ಕ. ಎಷ್ಟು ಸಲ ಬರೆದಿದ್ದೀಯ ಆ ಒಂದು ಕಾಗದದಲ್ಲಿ. ಅವಳು ನನಗಿಂತ ಚಿಕ್ಕವಳು. ಟೈರು ಕಾದರೆ ಗಾಳಿ ಹಿಗ್ಗುತ್ತದೆ ಎಂಬುದನ್ನು ಕೇಳಿ ತಿಳಿಯಲು ನೀನು ಕೊಯಮತ್ತೂರಿಗೆ ಹೋಗಬೇಕಿತ್ತೇ? ಟೈರಿನ ಅಂಗಡಿಯಲ್ಲಿ ಬೆಳೆದವಳು ನೀನು. ನನ್ನನ್ನು ಕೇಳಬಹುದಿತ್ತು.

ನಿನಗೆ ಬೈಕು ಕಲಿಸಿದವಳು ನಾನು. ಅಪ್ಪಾಜಿಯ ಹಳೇ ಗಾಡಿಯಲ್ಲಿ, ಹೊನ್ನಾಳಿ ರಸ್ತೆಯಲ್ಲಿ. ನಿನ್ನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಆಗ ಯಾರೂ ಫೋಟೊ ತೆಗೆಯಲಿಲ್ಲ ಬಿಡು. ಮದುವೆಯಾಗಿ ಸವಳಂಗಕ್ಕೆ ಬಂದ ಮೇಲೂ ಒಂದು ವರ್ಷ ಓಡಿಸಿದೆ. ಮಗಳು ಹೊಟ್ಟೆಯಲ್ಲಿದ್ದಾಗ ಬಿಟ್ಟೆ. ಆಮೇಲೆ ಇವರು ಸ್ಕೂಟರ್ ತಂದರು, ಅದರಲ್ಲೇ ದಿನಾ ನ್ಯಾಮತಿಗೆ ಬರುತ್ತೇನೆ, ಹೋಗುತ್ತೇನೆ. ಬೈಕು ಓಡಿಸಬೇಡ ಎಂದು ಈ ಮನೆಯಲ್ಲಿ ಯಾರೂ ಹೇಳಲಿಲ್ಲ. ಓಡಿಸು ಎಂದೂ ಯಾರೂ ಹೇಳಲಿಲ್ಲ. ಅಪ್ಪಾಜಿಯಂತೂ ನಾನು ಬಿಟ್ಟದ್ದನ್ನು ಗಮನಿಸಿದ ಹಾಗೂ ಇಲ್ಲ.

ಎಡ ತಿರುವಿಗೆ ಹೋಗುವ ಮೊದಲೇ ಬ್ರೇಕ್ ಮುಗಿಸಿಬಿಡು. ಕಣ್ಣು ಮುಂದಿನ ಚಕ್ರದ ಮೇಲಲ್ಲ, ತಿರುವಿನಿಂದ ಹೊರಬೀಳುವ ಜಾಗದ ಮೇಲಿರಲಿ. ಬೈಕು ಬಾಗುತ್ತದೆ. ಆ ರಬ್ಬರ್ ಇರುವುದೇ ಅದಕ್ಕೆ.

ವಾಣಿಶ್ರೀ


ಜಗಳೂರು
18 ಆಗಸ್ಟ್ 2024

ಅಕ್ಕಾ,

ಒಂದು ತಿಂಗಳು ಬರೆಯಲಿಲ್ಲ. ಬರೆಯಬಾರದು ಅಂತಲೇ ಇದ್ದೆ.

ಎಡ ತಿರುವಿನ ಹೆದರಿಕೆಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಮಿತ್ರಾಗೂ. ನೋಡು, ಅಕ್ಕ ಅಂತ ಬರೆದಿಲ್ಲ. ನೀನು ಒಂದು ಫೋಟೊ ನೋಡಿ ಅದನ್ನು ಹೊರಗೆಳೆದು ನನ್ನ ಮುಖಕ್ಕೇ ಎಸೆದೆ. ಸರಿಯಾಗಿಯೇ ಹೇಳಿದೆ, ಆದರೆ ಖುಷಿಪಟ್ಟು ಹೇಳಿದೆ. ಓದುವಾಗ ಅದು ಗೊತ್ತಾಗುತ್ತದೆ ಅಕ್ಕಾ.

ಆದರೂ ನೀನು ಹೇಳಿದಂತೆ ಮಾಡಿದೆ. ಈ ತಿಂಗಳು ಮತ್ತೆ ಹೋಗಿದ್ದೆವು. ಮೊದಲೇ ಬ್ರೇಕ್ ಮುಗಿಸಿ, ತಿರುವಿನ ಆಚೆ ಕಾಣುವ ಬಿಳಿ ಕಂಬವನ್ನೇ ನೋಡುತ್ತಾ ಬಾಗಿಸಿದೆ. ಮೂರನೇ ಸರದಿಯಲ್ಲಿ ಮೊಣಕಾಲು ನೆಲಕ್ಕೆ ತಾಗಿತು. ಎಡ ಮೊಣಕಾಲು! ಹೆಲ್ಮೆಟ್ಟಿನೊಳಗೆ ಕಿರುಚಿದೆ. ಹೊರಗೆ ಬಂದು ಮೊದಲು ಫೋನ್ ಮಾಡಿದ್ದು ಅಂಗಡಿಗೆ. ಅಪ್ಪಾಜಿ ಎತ್ತಿದರು. "ವಾಣಿ ಲಾರಿ ಟೈರ್ ಬಿಚ್ಚಾಕೆ ಹೋಗ್ಯಾಳೆ, ನನಗೇ ಹೇಳು" ಎಂದರು. ಅವರಿಗೇ ಹೇಳಿದೆ. ನಿನಗೆ ತಿಳಿಸಿದರೋ ಇಲ್ಲವೋ.

ಸೆಪ್ಟೆಂಬರಿನಲ್ಲಿ ಅಪ್ಪಾಜಿ ಬರುವುದು ಗಟ್ಟಿಯಾಯಿತು. ಅಕ್ಕನೂ ಬರಲಿ ಎಂದು ಕೇಳಿದೆ. "ಇಬ್ಬರೂ ಬಂದ್ರೆ ಅಂಗಡಿ ಯಾರು ನೋಡ್ತಾರೆ?" ಎಂದರು. ನಾನು ಇನ್ನೂ ಒತ್ತಾಯ ಮಾಡಬಹುದಿತ್ತು, ಮಾಡಲಿಲ್ಲ. ಅಪ್ಪಾಜಿ ಒಂದು ದಿನ ಪೂರ್ತಿ ನನ್ನೊಬ್ಬಳ ಜೊತೆ ಇರಲಿ ಅಂತ ಆಸೆಯಾಯಿತು. ಚಿಕ್ಕಂದಿನಿಂದ ಅಂಗಡಿಯಲ್ಲಿ ಅವರ ಪಕ್ಕ ಇದ್ದವಳು ನೀನು. ನಾನು ಶಾಲೆಯಿಂದ ಬಂದರೆ, "ಮನೇಗೆ ಹೋಗಿ ಓದ್ಕಾ ಹೋಗು" ಅನ್ನುತ್ತಿದ್ದರು. ನಿನ್ನ ಕೈಗೆ ನಟ್ಟು ಬಿಚ್ಚುವ ಪಾನಾ ಕೊಡುತ್ತಿದ್ದರು.

ಬಲ ಅಂಚು ಬೇಗ ಸವೆಯುತ್ತಿದೆ. ಅಕ್ಟೋಬರಿನ ಹೊತ್ತಿಗೆ ಹಿಂದಿನದು ಒಂದು ಬೇಕಾಗಬಹುದು.

ಹೇಮಾ


ನ್ಯಾಮತಿ
22 ಸೆಪ್ಟೆಂಬರ್ 2024

ಹೇಮಾವತಿಗೆ,

ಅಪ್ಪಾಜಿ ಸುಖವಾಗಿ ಬಂದು ಮುಟ್ಟಿದರು. ಬಂದ ದಿನದಿಂದ ಅಂಗಡಿಯಲ್ಲಿ ಬೇರೆ ಮಾತಿಲ್ಲ. ನೀನು ಹೇಗೆ ಬಾಗಿದೆ, ಸಂಘಮಿತ್ರಾ ಹೇಗೆ ಇವರಿಗೆ ನೆರಳಲ್ಲಿ ಕುರ್ಚಿ ಹಾಕಿಕೊಟ್ಟಳು, ಇವರು ಹೇಗೆ ಗೇಜ್ ಹಿಡಿದು ನಿನ್ನ ಟೈರಿನ ಗಾಳಿ ನೋಡಿದರು. ಇಲ್ಲಿ ಗಾಳಿ ಹಿಡಿಯುವ ಕೆಲಸ ಬಿಟ್ಟು ಅವರಿಗೆ ಎಷ್ಟೋ ವರ್ಷವಾಯಿತು.

ನಿನ್ನೆ ನಡೆದದ್ದು ಹೇಳುತ್ತೇನೆ. ಸುರಹೊನ್ನೆ ಕಡೆಯವರೊಬ್ಬರು ಬೈಕಿಗೆ ಟೈರು ಹಾಕಿಸಲು ಬಂದಿದ್ದರು. ನಾನು ಕೆಳಗೆ ಕೂತು ಚಕ್ರ ಬಿಚ್ಚುತ್ತಿದ್ದೆ. ಅಪ್ಪಾಜಿ ಶುರು ಮಾಡಿದರು: "ನಮ್ಮ ಮಗಳು ಟ್ರ್ಯಾಕ್‌ನಾಗೆ ಗಾಡಿ ಓಡಿಸ್ತಾಳೆ ಕಣ್ರಿ. ಗಂಡಸರನ್ನೇ ಹಿಂದೆ ಹಾಕ್ತಾಳೆ."

ಆ ಮನುಷ್ಯ ನನ್ನ ಕಡೆ ತಿರುಗಿ, "ಹೌದೇನ್ರಿ? ಇವರಾ?" ಎಂದ.

"ಇಲ್ಲ ಇಲ್ಲ, ಈಕೆ ದೊಡ್ಡಾಕೆ. ಅಂಗಡಿ ನೋಡ್ಕಂತಾಳೆ ಅಷ್ಟೇ."

ಅಷ್ಟೇ. ನಾನು ತಲೆಯೆತ್ತಲಿಲ್ಲ. ಟೈರು ಹಾಕಿ, ಗಾಳಿ ಹಿಡಿದು, ಚಕ್ರ ತಿರುಗಿಸಿ ನೋಡಿ ಕಳಿಸಿದೆ. ಆ ಮನುಷ್ಯ ಹೋಗುವಾಗ ಗಲ್ಲದ ಮೇಲಿನ ನಿನ್ನ ಫೋಟೊದ ಕಡೆಗೆ ಕೈ ತೋರಿಸಿ, "ಚೆನ್ನಾಗಿ ಓಡಿಸಾಕೆ ಹೇಳ್ರಿ" ಎಂದು ನನಗೇ ಹೇಳಿ ಹೋದ.

ಚಿಕ್ಕಂದಿನಲ್ಲಿ ನನ್ನ ಕೈಗೆ ಪಾನಾ ಕೊಟ್ಟರು ಎಂದು ಬರೆದಿದ್ದೀಯ. ಕೊಟ್ಟರು. ಅದನ್ನು ಇನ್ನೂ ಕೆಳಗಿಡಲಿಕ್ಕಾಗಿಲ್ಲ. ನಿನಗೆ ಓದು ಎಂದರು, ಓದಿದೆ, ಕೆಲಸ ಸಿಕ್ಕಿತು, ನಿನ್ನದೇ ಬೈಕು ಕೊಂಡೆ. ಈಗ ಅಪ್ಪಾಜಿಯೂ ಪೂರ್ತಿ ನಿನ್ನವರೇ ಆಗಬೇಕು. ಒತ್ತಾಯ ಮಾಡಬಹುದಿತ್ತು, ಮಾಡಲಿಲ್ಲ ಎಂದು ಎಷ್ಟು ಸುಲಭವಾಗಿ ಬರೆದೆ. ಹೌದು, ನನಗೆ ಹೊಟ್ಟೆಕಿಚ್ಚು. ನೀನು ಹೇಳಿದಂತೆ ಖುಷಿಪಟ್ಟೇ ನಿನ್ನ ತಪ್ಪು ಹುಡುಕುತ್ತೇನೆ. ಈ ಊರಲ್ಲಿ ಬೇರೆ ಖುಷಿ ನನಗೆ ಕಾಣುತ್ತಿಲ್ಲ.

ಹಿಂದಿನ ಟೈರು ನಾನು ಕಳಿಸುವುದಿಲ್ಲ. ಚನ್ನಗಿರಿಯಲ್ಲಿ ಜಯಪ್ಪನವರ ಅಂಗಡಿಯಿದೆ, ನಮಗಿಂತ ದೊಡ್ಡದು. ಅವರ ನಂಬರ್ ಅಪ್ಪಾಜಿಯ ಹತ್ತಿರ ಇದೆ. ಅಲ್ಲೇ ತರಿಸಿಕೋ.

ವಾಣಿಶ್ರೀ


ಹೊನ್ನಾಳಿ
27 ಅಕ್ಟೋಬರ್ 2024

ವಾಣಿಶ್ರೀ ಅವರಿಗೆ ನಮಸ್ಕಾರ.

ನಾನು ಸಂಘಮಿತ್ರಾ. ಹೇಮಾ ಬಿದ್ದ ದಿನ ನಿಮಗೆ ಫೋನ್ ಮಾಡಿದವಳು ನಾನೇ. ಆವತ್ತು ಆಂಬ್ಯುಲೆನ್ಸಿನ ಗಡಿಬಿಡಿಯಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಬಲ ಭುಜದ ಕಾಲರ್ ಎಲುಬಿಗೆ ಪ್ಲೇಟ್ ಹಾಕಿದ್ದಾರೆ, ತಲೆಗೆ ಏನೂ ಆಗಿಲ್ಲ. ನಿಮ್ಮ ತಾಯಿ ನಿರ್ಮಲಮ್ಮನವರು ಜಗಳೂರಿಗೆ ಬಂದು ಜೊತೆಗಿರುವುದು ದೊಡ್ಡ ಆಸರೆಯಾಗಿದೆ. ನೀವು ಫೋನ್ ಮಾಡಿದರೆ ಅವಳು ಎತ್ತುತ್ತಿಲ್ಲ ಎಂದು ಅಮ್ಮ ಹೇಳಿದರು. ಕಾಗದವಾದರೆ ಅಕ್ಕ ಕೊನೆತನಕ ಓದುತ್ತಾಳೆ ಎಂದು ಹೇಮಾ ಯಾವಾಗಲೋ ಅಂದಿದ್ದಳು. ಅದಕ್ಕೇ ಬರೆಯುತ್ತಿದ್ದೇನೆ.

ಬೈಕು ನಮ್ಮ ಮನೆಯ ಶೆಡ್ಡಿನಲ್ಲಿದೆ. ಹ್ಯಾಂಡಲ್ ಬಾಗಿದೆ, ಒಂದು ಕಡೆ ಮೈ ಉಜ್ಜಿಹೋಗಿದೆ. ಅದರ ಹಿಂದಿನ ಟೈರನ್ನು ಬಿಚ್ಚಿ ಇದರ ಜೊತೆ ಬಸ್ಸಿಗೆ ಹಾಕುತ್ತಿದ್ದೇನೆ. ನೀವು ನೋಡಿದರೆ ನಾನು ಹೇಳುವುದಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ನಡುವೆ ಸವಕಳಿಯ ಗುರುತು ಇನ್ನೂ ಮುಟ್ಟಿಲ್ಲ, ಹಾಗಾಗಿ ಗೇಟಿನಲ್ಲಿ ನೋಡಿದವರು ಬಿಟ್ಟರು. ಬಲ ಅಂಚು ಮಾತ್ರ ಸತ್ತಿತ್ತು. ನಾನು ಬೆಳಿಗ್ಗೆಯೇ ಹೇಳಿದೆ: "ಬ್ಯಾಡ ಹೇಮಾ, ಈ ಟೈರ್‌ನಾಗೆ ಹೋಗಬ್ಯಾಡ. ಚನ್ನಗಿರಿಯಿಂದ ಯಾಕೆ ತರಿಸಲಿಲ್ಲ?"

ಅದಕ್ಕವಳು, "ಬೇರೆಯವರದ್ದು ಹಾಕ್ಕಳಲ್ಲ. ಅಕ್ಕ ಕಳಿಸ್ತಾಳೆ. ಸಿಟ್ಟು ಇಳಿದ ಮೇಲೆ ಕಳಿಸೇ ಕಳಿಸ್ತಾಳೆ. ಅಲ್ಲೀತನಕ ಇದೇ ಸಾಕು" ಎಂದಳು.

ನಾಲ್ಕನೇ ಸರದಿಯಲ್ಲಿ, ಜೋರಾದ ಬಲ ತಿರುವಿನಲ್ಲಿ ಹಿಂದಿನ ಚಕ್ರ ಜಾರಿತು. ನಾನು ಅವಳ ಹಿಂದೆಯೇ ಇದ್ದೆ.

ಒಂದು ಮಾತು ಹೇಳಬಹುದೋ ಬಾರದೋ. ಪಿಕಪ್ಪಿನಲ್ಲಿ ಅಷ್ಟು ದೂರ ಹೋಗುವಾಗ ನಾನು ಟೈರಿನ ಬಗ್ಗೆ ಏನೇ ಹೇಳಿದರೂ ಅವಳು, "ಇರು, ಅಕ್ಕನ್ನ ಕೇಳ್ತೀನಿ" ಎನ್ನುತ್ತಾಳೆ. ನನ್ನನ್ನು ಬಾಯಿತುಂಬ ಅಕ್ಕ ಅನ್ನುತ್ತಾಳೆ, ಕೇಳುವುದು ನಿಮ್ಮನ್ನು. ನಾನು ಮನೆಗೆ ಒಬ್ಬಳೇ ಹೆಣ್ಣುಮಗಳು. ಅದನ್ನು ಕೇಳಿದಾಗಲೆಲ್ಲ ನಿಮ್ಮ ಮೇಲೆ ನನಗೆ ಸಣ್ಣ ಹೊಟ್ಟೆಕಿಚ್ಚು ಇತ್ತು. ಬಿದ್ದ ದಿನವಂತೂ ನಿಮ್ಮ ಮೇಲೆ ಸಿಟ್ಟೇ ಬಂದಿತ್ತು. ಈಗ ಇಳಿದಿದೆ.

ಇಂತಿ,
ಸಂಘಮಿತ್ರಾ


ನ್ಯಾಮತಿ
10 ನವೆಂಬರ್ 2024

ಹೇಮಾ,

ಜಗಳೂರಿಗೆ ಬಂದಾಗ ನೀನು ಗೋಡೆ ಕಡೆ ತಿರುಗಿ ಮಲಗಿದ್ದೆ. ನಿದ್ದೆ ಬಂದಿರಲಿಲ್ಲ ಎಂದು ಗೊತ್ತು. ಅವ್ವ, "ಎಬ್ಬಿಸ್ಲೇನೆ?" ಎಂದರು. ಬೇಡ ಎಂದೆ. ನನಗೂ ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ.

ಸಂಘಮಿತ್ರಾ ಕಳಿಸಿದ ಟೈರು ಅಂಗಡಿಯಲ್ಲಿ ನನ್ನ ಮುಂದೆಯೇ ಇದೆ. ಬಲ ಅಂಚಿನ ಮೇಲೆ ಕೈಯಾಡಿಸಿದರೆ ಗಾಜಿನ ಹಾಗೆ ನುಣುಪು. ಇದನ್ನು ಯಾರಾದರೂ ದಾರಿಹೋಕರು ತಂದು ತೋರಿಸಿದ್ದರೂ, ಒಂದು ಮೈಲಿ ಜೋರಾಗಿ ಓಡಿಸಬೇಡಿ, ಬಿಚ್ಚಿಸಿ ಎನ್ನುತ್ತಿದ್ದೆ. ನೀನು ಆಗಸ್ಟಿನಲ್ಲೇ ಬೇಕಾಗುತ್ತದೆ ಎಂದು ಬರೆದಿದ್ದೆ. ನಾನು ಆಗಲೇ ತರಿಸಿಟ್ಟಿದ್ದೆ ಹೇಮಾ. ನಿನಗೆ ಕಳಿಸುವುದಿಲ್ಲ ಎಂದು ಬರೆಯುವಾಗ ಅದು ನನ್ನ ತಲೆಯ ಮೇಲಿನ ಅಟ್ಟದಲ್ಲೇ ಇತ್ತು. ನೀನು ಫೋನ್ ಮಾಡಿ, "ಅಕ್ಕಾ, ಕಳಿಸೇ" ಎಂದು ಬೇಡಿಕೊಳ್ಳಲಿ ಎಂದು ಕಾಯುತ್ತಿದ್ದೆ. ಅಷ್ಟೇ ಬೇಕಿತ್ತು ನನಗೆ. ಒಮ್ಮೆ ಬೇಡಿಕೊಳ್ಳಬೇಕಿತ್ತು ನೀನು.

ಬಿದ್ದ ಸುದ್ದಿ ಬಂದಾಗ ಅಪ್ಪಾಜಿ, "ಟೈರ್ ಹಳೇದಾಗಿತ್ತಂತೆ, ನೀನು ಯಾಕೆ ಕಳಿಸಲಿಲ್ಲ?" ಎಂದು ಕೇಳಿದರು. ಆ ಸುರಹೊನ್ನೆಯವರ ಮುಂದೆ ನೀವು ಆಡಿದ ಮಾತಿಗೆ ಎಂದು ಹೇಳಿಬಿಟ್ಟೆ. ಅವರಿಗೆ ಯಾವ ಮಾತು ಎಂದೇ ನೆನಪಿರಲಿಲ್ಲ. ಹೇಳಿದೆ. ಅದಕ್ಕವರು, "ನೀನು ಇಲ್ಲೇ ಇರ್ತೀಯಲ್ಲವ್ವ. ಇರೋರ ಬಗ್ಗೆ ಏನಂತ ಹೇಳಾಕೆ ಬರ್ತೈತೆ?" ಎಂದರು. ಇದನ್ನು ಒಪ್ಪಬೇಕೋ ಬಿಡಬೇಕೋ ನನಗೆ ಇನ್ನೂ ತಿಳಿದಿಲ್ಲ.

ಹೊಸ ಟೈರನ್ನು ಹೊನ್ನಾಳಿಗೆ ನಾನೇ ಒಯ್ದು ಹಾಕಿದೆ. ಹ್ಯಾಂಡಲ್ ನೆಟ್ಟಗಾಗಿದೆ. ಸಂಘಮಿತ್ರಾಳ ಕೈ ಚೆನ್ನಾಗಿದೆ. ನೀನು ಅವಳನ್ನು ಅಕ್ಕ ಎನ್ನಬಹುದು.

ಅಕ್ಕ
ವಾಣಿ


ಜಗಳೂರು
24 ನವೆಂಬರ್ 2024

ಅಕ್ಕಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ.

ಬೇಡಿಕೊಳ್ಳಬಾರದು ಅಂತ ನಾನೂ ಹಟ ಹಿಡಿದಿದ್ದೆ. ಹಟ ಹಿಡಿದು ಆ ಟೈರಿನಲ್ಲಿ ಹೋದವಳು ನಾನು. ಕಳಿಸದೆ ಇದ್ದದ್ದು ನಿನ್ನ ತಪ್ಪು, ಹೋದದ್ದು ನನ್ನದು. ನನ್ನ ತಪ್ಪನ್ನು ನೀನು ತೆಗೆದುಕೊಳ್ಳಬೇಡ.

ಡಿಸೆಂಬರ್ 14ರ ಟ್ರ್ಯಾಕ್ ಡೇಗೆ ನನ್ನ ಹೆಸರಲ್ಲಿ ಜಾಗ ಹಿಡಿದಿಟ್ಟಿದ್ದೆ. ಡಾಕ್ಟರು ಮಾರ್ಚ್ ತನಕ ಬೈಕು ಮುಟ್ಟಬೇಡ ಎಂದಿದ್ದಾರೆ. ಹೆಸರು ಬದಲಾಯಿಸಬಹುದಂತೆ, ಮಿತ್ರಾ ವಿಚಾರಿಸಿದಳು. ನಿನ್ನ ಹೆಸರು ಕೊಟ್ಟಿದ್ದೇನೆ. ಲೈಸೆನ್ಸ್ ಇದೆಯಲ್ಲ. ಟ್ರ್ಯಾಕಿನಲ್ಲಿ ತೊಡುವ ನನ್ನ ಸೂಟಿನ ಹರಿದ ಭುಜವನ್ನು ಅವಳೇ ಹೊಲಿಸಿದ್ದಾಳೆ, ಸೊಂಟಕ್ಕೆ ಬಿಗಿಯಾದರೆ ಉಸಿರು ಹಿಡಿದುಕೋ. ಭಾವನ ಹತ್ತಿರ ನಾನೇ ಮಾತಾಡಿದೆ. "ಜೋಳದ ಕೊಯ್ಲು ಮುಗಿದೈತೆ, ಮಗಳನ್ನ ನಾನು ನೋಡ್ಕಂತೀನಿ, ಹೋಗಿಬರಲಿ" ಎಂದರು. ಇಷ್ಟು ವರ್ಷ ನೀನು ಅವರನ್ನು ಕೇಳಿಯೇ ಇರಲಿಲ್ಲವಂತೆ?

ಅಪ್ಪಾಜಿಗೂ ಹೇಳಿದೆ. ಅಂಗಡಿ ಬಾಗಿಲು ಹಾಕಿ ಬರುತ್ತಾರಂತೆ.

ಹೇಮಾ


ಜಗಳೂರು
22 ಡಿಸೆಂಬರ್ 2024

ಅಕ್ಕಾ,

ಟ್ರ್ಯಾಕಿನಿಂದ ಬರುವಾಗ ಪಿಕಪ್ಪಿನಲ್ಲಿ ನಾನು ಮಾತಾಡಲಿಲ್ಲ ಎಂದು ನೀನು ಅವ್ವನ ಹತ್ತಿರ ಹೇಳಿದೆಯಂತೆ. ಭುಜ ನೋಯುತ್ತಿತ್ತು ಅಂದೆನಲ್ಲ, ಅದು ಸುಳ್ಳು.

ಮೊದಲ ಸರದಿಯಲ್ಲಿ ನೀನು ಸಂತೆಗೆ ಹೋಗುವವಳ ಹಾಗೆ ನೆಟ್ಟಗೆ ಕೂತು ಹೋದೆ. ಎಲ್ಲರೂ ನಿನ್ನನ್ನು ದಾಟಿದರು. ಪಾಪ ಅನ್ನಿಸಿತು ನನಗೆ, ಒಳಗೊಳಗೆ ಹಿತವೂ ಆಯಿತು. ಹೊರಗೆ ಬಂದವಳು ಯಾರ ಮುಖವನ್ನೂ ನೋಡದೆ ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಅಂಗೈಯಿಟ್ಟು ಎರಡೂ ಅಂಚು ಮುಟ್ಟಿದೆ. ಗಾಳಿ ಚೂರು ಇಳಿಸಿದೆ. ಎರಡನೇ ಸರದಿಯಲ್ಲಿ ಹಿಂದೆ ಬೀಳಲಿಲ್ಲ. ಮೂರನೇ ಸರದಿಯಲ್ಲಿ ನಾನು ತಿಂಗಳುಗಟ್ಟಲೆ ಹೆದರಿದ ಆ ಎಡ ತಿರುವಿನಲ್ಲಿ, ಒಳಗಡೆಯಿಂದ ಹೋಗಿ ಇಬ್ಬರನ್ನು ದಾಟಿದೆ. ಬೈಕು ಎಷ್ಟು ಬಾಗಿತ್ತೆಂದರೆ ನಾನು ಕಣ್ಣು ಮುಚ್ಚಿದೆ.

ಅಪ್ಪಾಜಿ ನನ್ನ ಪಕ್ಕದಲ್ಲಿ ಬೇಲಿ ಹಿಡಿದು ನಿಂತಿದ್ದರು. "ಹೇಮಾ, ಆಕೆ ನಮ್ಮ ವಾಣೀನಾ?" ಎಂದರು. ಹೌದು ಎಂದೆ. ನೀನು ಪ್ರತಿ ಸುತ್ತು ಬರುವಾಗಲೂ ಅವರ ತಲೆ ನಿನ್ನ ಜೊತೆಗೇ ತಿರುಗುತ್ತಿತ್ತು. ಕಣ್ಣು ಒರೆಸಿಕೊಂಡದ್ದನ್ನು ನೋಡಿದೆ. ನಾನು ಓಡಿಸಿದಾಗ ಚಪ್ಪಾಳೆ ತಟ್ಟಿದ್ದರು, ಕೂಗಿದ್ದರು, ಸುತ್ತಲಿನವರಿಗೆಲ್ಲ ಹೇಳಿದ್ದರು. ಅಳಲಿಲ್ಲ.

ಆಗ ನಾನು ಏನು ಬಯಸಿದೆ ಹೇಳಲೇ? ನೀನು ನಿಧಾನ ಆಗಲಿ ಎಂದು. ಮರುಕ್ಷಣವೇ ಬೀಳದಿರಲಿ ಎಂದು. ಎರಡನ್ನೂ ಒಂದೇ ಉಸಿರಿನಲ್ಲಿ ಬಯಸಿದೆ. ಮಿತ್ರಾ ಓಡಿ ಬಂದು, "ಅಕ್ಕಾ, ಏನ್ ಓಡಿಸಿದ್ರಿ!" ಎಂದು ನಿನ್ನನ್ನು ತಬ್ಬಿಕೊಂಡಾಗ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ನೀರು ತರುವ ನೆಪದಲ್ಲಿ ಆಚೆ ಹೋದೆ. ಈ ವರ್ಷವೆಲ್ಲ ನೀನು ಅಂಗಡಿಯಲ್ಲಿ ಕೂತು ಅನುಭವಿಸಿದ್ದು ಇದೇ ಇರಬೇಕು. ನನಗೆ ಒಂದೇ ದಿನಕ್ಕೆ ಸಾಕಾಯಿತು.

ನೀನು ನನಗಿಂತ ಚೆನ್ನಾಗಿ ಓಡಿಸುತ್ತೀಯ. ಇದನ್ನು ಬರೆಯಲು ಒಂದು ವಾರ ಬೇಕಾಯಿತು.

ಹೇಮಾ

ಬೈಕು ಆವತ್ತಿನಿಂದ ನಿನ್ನ ಹತ್ತಿರವೇ ಇದೆಯಲ್ಲ. ಅವಸರವಿಲ್ಲ.


ಸವಳಂಗ
2 ಮಾರ್ಚ್ 2025

ಹೇಮಾ,

ಅವಸರವಿಲ್ಲ ಎಂದು ಬರೆದು ನೀನು ಎರಡು ತಿಂಗಳು ಸುಮ್ಮನಿದ್ದೆ. ಡಾಕ್ಟರು ಬೈಕು ಓಡಿಸಬಹುದು ಎಂದಿದ್ದಾರೆ ಎಂದು ಅವ್ವ ಹೇಳಿದರು. ನೀನು ಹೇಳಲಿಲ್ಲ. ನಾನೂ ಗೊತ್ತಿಲ್ಲದವಳ ಹಾಗೆ ಇದ್ದುಬಿಟ್ಟೆ.

ದಿನಾ ಅದರಲ್ಲೇ ನ್ಯಾಮತಿಗೆ ಹೋಗುತ್ತೇನೆ. ಅತ್ತೆ ಸಿದ್ದಲಿಂಗಮ್ಮನವರಿಗೆ ಮೊದಮೊದಲು ಸಿಟ್ಟು, "ಅದರ ಸದ್ದಿಗೆ ಎಮ್ಮೆ ಹಾಲು ಇಳಿಸವಲ್ದು" ಎನ್ನುತ್ತಿದ್ದರು. ಈಗ ನಾನು ಹೊರಡುವಾಗ, "ಸಂಜಿ ಮುಂದೆ ಬಂದು ಬಿಡು" ಎಂದು ಅಷ್ಟೇ ಹೇಳುತ್ತಾರೆ. ಮಗಳು ಶಾಲೆಯ ಮುಂದೆ ಇಳಿಯುವಾಗ ಆಚೆ ಈಚೆ ನೋಡಿ, ಯಾರಾದರೂ ನೋಡುತ್ತಿದ್ದಾರೆಂದು ಖಾತ್ರಿ ಮಾಡಿಕೊಂಡೇ ಇಳಿಯುತ್ತಾಳೆ.

ನೀನು ಬರೆದದ್ದನ್ನು ಬಹಳ ಸಲ ಓದಿದೆ. ನನಗಿಂತ ಚೆನ್ನಾಗಿ ಓಡಿಸುತ್ತೀಯ ಎಂಬ ಸಾಲು ಓದಿದಾಗಲೆಲ್ಲ ಸಂತೋಷವಾಗುತ್ತದೆ. ಅದನ್ನು ಬರೆಯಲು ನಿನಗೆ ಎಷ್ಟು ಸಂಕಟವಾಗಿರಬೇಕು ಎಂದು ತಿಳಿದೂ ಸಂತೋಷವಾಗುತ್ತದೆ. ನಾನು ಒಳ್ಳೆಯವಳಾಗಿಬಿಟ್ಟೆ ಎಂದು ತಿಳಿಯಬೇಡ.

ಹೋದ ಭಾನುವಾರ ಒಂದು ಕೆಲಸ ಮಾಡಿದೆ. ಬೈಕು ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಗಾಳಿ ನೋಡಿ, ನಿನಗೆ ಒಪ್ಪಿಸಿ ಬರೋಣವೆಂದು ಬೆಳಿಗ್ಗೆಯೇ ಹೊರಟೆ. ಹೊನ್ನಾಳಿ ಬಂತು. ತುಂಗಭದ್ರೆಯ ಸೇತುವೆ ದಾಟಿದೆ. ಆಚೆ ರಸ್ತೆ ಖಾಲಿ ಇತ್ತು, ಎರಡೂ ಬದಿ ಭತ್ತದ ಗದ್ದೆ ಹಸಿರಾಗಿತ್ತು, ಬೈಕು ನನ್ನ ಮಾತು ಕೇಳುತ್ತಿತ್ತು. ಇನ್ನು ಇದು ನಾಳೆಯಿಂದ ನನಗಿಲ್ಲ ಅನ್ನಿಸಿತು. ಬದಿಗೆ ನಿಲ್ಲಿಸಿದೆ. ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ತಿರುಗಿಸಿಕೊಂಡು ಮನೆಗೆ ಬಂದುಬಿಟ್ಟೆ. ಇವರು, "ಇಷ್ಟು ಬೇಗ ಜಗಳೂರಿಗೆ ಹೋಗಿಬಂದ್ಯಾ?" ಎಂದು ಕೇಳಿದರು. ಹೇಮಾ ಮನೆಯಲ್ಲಿಲ್ಲ ಎಂದು ಸುಳ್ಳು ಹೇಳಿದೆ.

ಬೈಕು ನಿನ್ನದು. ನನ್ನದೊಂದು ಕೊಳ್ಳುವ ಮಾತು ಮನೆಯಲ್ಲಿ ನಡೆದಿದೆ, ಅದಕ್ಕೆ ಇನ್ನೂ ಕಾಲವಿದೆ. ನಿನ್ನದನ್ನು ಕೊಡುವ ಮನಸ್ಸು ನನಗೆ ತಾನಾಗಿ ಬರುವುದಿಲ್ಲ, ಬರುತ್ತದೆ ಎಂದು ನೀನು ಕಾಯಬೇಡ. ಹಾಗೆ ಕಾದು ನಾವಿಬ್ಬರೂ ಏನು ಕಂಡೆವೋ ಗೊತ್ತಿದೆಯಲ್ಲ.

ಬರುವ ಭಾನುವಾರ ಮತ್ತೆ ಹೊರಡುತ್ತೇನೆ. ನೀನು ಬಸ್ಸು ಹತ್ತಿ ದಾವಣಗೆರೆಗೆ ಬಾ. ಹರಿಹರದ ಕಡೆಯಿಂದ ಬರುವ ರಸ್ತೆಯಲ್ಲಿ, ನನಗೆ ಕಾಣುವ ಹಾಗೆ ನಿಂತಿರು. ನಾನು ನಿಲ್ಲಿಸಿದ ಕೂಡಲೇ ಕೀಲಿ ಕೇಳು. ಮಾತು ಬೇರೆ ಕಡೆ ತಿರುಗಿಸಿದರೆ ಕೇಳಿಸಿಕೊಳ್ಳಬೇಡ.

ಕೊಡದೆ ಹೋದರೆ ಕಿತ್ತುಕೋ.

ನಿನ್ನ ಅಕ್ಕ
ವಾಣಿ